ಉಪವಾಸದ ಇಲಿಗಳು

ನನ್ನ ಭಾವನನ್ನು ನಾನು ದ್ವೇಷಿಸುತ್ತೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ಮಾತಿನ ಸಂದಿಗೊಂದಿಗಳಲ್ಲಿ ಅದನ್ನು ಹುಡುಕಿ ತೆಗೆದು, ‘ಓಹೋ, ಇವಳಿಗೆ ಹೊಟ್ಟೆಕಿಚ್ಚು’ ಎಂದು ರಾಗ ಎಳೆಯುವುದು ಬೇಡ. ಕಿಚ್ಚು ಇದೆ, ಚೆನ್ನಾಗಿಯೇ ಉರಿಯುತ್ತಿದೆ. ಸೌದೆ ಹಾಕಿದವರು ಅವರೇ.

ಭಾವ ಎಂದರೆ ಅಕ್ಕನ ಗಂಡ. ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ವಿಜ್ಞಾನದ ಪ್ರೊಫೆಸರ್. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರಿಂದ ನನ್ನನ್ನು ಸಾಕಿದವಳು ಅಕ್ಕ. ಅವಳ ಮದುವೆಯಾದ ಮೇಲೆ ನಾನೂ ಅವಳ ಹಿಂದೆಯೇ ಆ ಮನೆಗೆ ಹೋದೆ. ಓದಿನಲ್ಲಿ ಚುರುಕಾಗಿದ್ದೆ. ಭಾವನ ಕೈಕೆಳಗೇ ಪಿಎಚ್‌ಡಿಗೆ ಸೇರಿಕೊಂಡೆ. ಮನೆಯಲ್ಲಿ ಭಾವ, ಲ್ಯಾಬಿನಲ್ಲಿ ಸರ್. ಎರಡು ಕಡೆಯೂ ಅವರದೇ ದರ್ಬಾರು.

ಆ ಲ್ಯಾಬಿನ ಕೆಲಸವೆಲ್ಲ ಗ್ಲುಟಥಯೋನ್ ಎಂಬ ಒಂದೇ ವಸ್ತುವಿನ ಸುತ್ತ. ಹೆಸರು ನಾಲಿಗೆಗೆ ತೊಡರುತ್ತದೆ, ವಿಷಯ ಸುಲಭ. ತಿಂದ ಆಹಾರದ ಪ್ರೋಟೀನಿನಿಂದ ಸಿಗುವ ಮೂರು ಸಣ್ಣ ತುಂಡುಗಳನ್ನು ದೇಹದ ಪ್ರತಿ ಜೀವಕೋಶವೂ ತನ್ನೊಳಗೇ ಜೋಡಿಸಿ ಇದನ್ನು ತಯಾರಿಸಿಕೊಳ್ಳುತ್ತದೆ. ಮೂರರಲ್ಲಿ ಗಂಧಕವಿರುವ ಒಂದು ತುಂಡಿಗೆ ಯಾವಾಗಲೂ ಅಭಾವ; ಅದು ಸಿಕ್ಕರೆ ಕೆಲಸ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಎಲ್ಲರಿಗಿಂತ ಹೆಚ್ಚು ತಯಾರಿಸುವುದು ಲಿವರ್. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ರಕ್ತಕ್ಕೂ ಪಿತ್ತಕ್ಕೂ ಬಿಡುತ್ತದೆ. ರಕ್ತದಲ್ಲಿ ಬಂದದ್ದನ್ನು ಮೂತ್ರಪಿಂಡ ಹಿಡಿದು, ಮತ್ತೆ ತುಂಡು ತುಂಡು ಮಾಡಿ, ಆ ತುಂಡುಗಳು ಪೋಲಾಗದ ಹಾಗೆ ಉಳಿಸುತ್ತದೆ. ಶ್ವಾಸಕೋಶದ ಒಳಪದರ, ಕಣ್ಣಿನ ಮಸೂರ, ಕೆಂಪು ರಕ್ತಕಣ, ಎಲ್ಲಕ್ಕೂ ಇದು ಬೇಕೇ ಬೇಕು. ನುಂಗಿದ ಮಾತ್ರೆ, ಕುಡಿದ ಹೆಂಡ, ಎಳೆದ ಹೊಗೆ, ಯಾವುದರಿಂದ ವಿಷ ಹುಟ್ಟಿದರೂ ಇದು ಹೋಗಿ ಅದಕ್ಕೆ ಅಂಟಿಕೊಂಡು ಹೊರಗೆ ಸಾಗಿಸುತ್ತದೆ.

ಇನ್ನೊಂದು ಸಂಗತಿ ಇದೆ, ನನ್ನ ಬದುಕು ಹಾಳಾದದ್ದು ಅದರಿಂದಲೇ. ಹಸಿವಾದರೆ ಲಿವರಿನ ಗ್ಲುಟಥಯೋನ್ ಕರಗುತ್ತದೆ. ಒಂದೆರಡು ದಿನ ಊಟ ತಪ್ಪಿದ ಇಲಿಯ ಲಿವರಿನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಊಟ ಹಾಕಿ, ಮತ್ತೆ ಏರುತ್ತದೆ. ಔಷಧಿ ಬೇಡ, ಮಂತ್ರ ಬೇಡ, ಊಟ ಸಾಕು.

ನಮ್ಮ ಲ್ಯಾಬಿನಲ್ಲಿ ಒಂದು ನಿಯಮವಿತ್ತು, ಸರ್ ಮಾಡಿದ್ದೇ. ಇಲಿಗಳನ್ನು ಕೊಯ್ಯುವ ಮುಂಚೆ ಬೋನಿನಿಂದ ಮೇವು ತೆಗೆಯಬೇಕು, ಹೊಟ್ಟೆ ಖಾಲಿಯಿರಬೇಕು. ನನ್ನ ಪ್ರಯೋಗದಲ್ಲಿ ಒಂದು ಗುಂಪಿನ ಇಲಿಗಳಿಗೆ ಔಷಧಿ, ಇನ್ನೊಂದು ಗುಂಪಿಗೆ ಏನೂ ಇಲ್ಲ. ಔಷಧಿಯನ್ನು ಕಲಸಿದ್ದು ಮೇವಿನಲ್ಲಿ. ನಿಯಮದ ಪ್ರಕಾರ ಬರಿಯ ಗುಂಪಿನ ಮೇವು ತೆಗೆದೆ. ಔಷಧಿಯ ಗುಂಪಿನದನ್ನು ತೆಗೆಯಲಿಲ್ಲ, ತೆಗೆದರೆ ಔಷಧಿಯೇ ತಪ್ಪುತ್ತದಲ್ಲ! ನಡುವೆ ರಜೆ ಬಂತು, ಉಪವಾಸ ಎರಡು ದಿನಕ್ಕೆ ಎಳೆಯಿತು. ಕೊಯ್ದು ಅಳೆದರೆ ಔಷಧಿ ತಿಂದ ಇಲಿಗಳಲ್ಲಿ ಗ್ಲುಟಥಯೋನ್ ಎರಡರಷ್ಟು! ಲ್ಯಾಬಿಡೀ ಕುಣಿಯಿತು. ಸರ್ ನನ್ನ ಬೆನ್ನು ತಟ್ಟಿ, ಊರಿಗೆಲ್ಲ ಫೋನ್ ಮಾಡಿ ಹೇಳಿಕೊಂಡರು. ಆಮೇಲೆ ಯಾರೋ ಹಿರಿಯರು, ‘ಇಲಿಗಳಿಗೆ ಊಟ ಹಾಕಿದ್ದಿರೇನ್ರೀ?’ ಎಂದು ಕೇಳಿದ್ದೇ ಸರ್ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಆ ಮುಖವನ್ನು ಉಳಿಸಿಕೊಳ್ಳಲು ಅವರಿಗೆ ನನ್ನ ಮುಖ ಬೇಕಾಯಿತು. ವಾರದ ಸಭೆಯಲ್ಲಿ ಎಲ್ಲರೆದುರು ನಿಲ್ಲಿಸಿ ಮಂಗಳಾರತಿ ಮಾಡಿದರು. “ಇಲಿಗೆ ಊಟ ಹಾಕೋಕೆ ಬರದವಳು ವಿಜ್ಞಾನ ಮಾಡ್ತಾಳಂತೆ” ಎಂದರು. ನಿಯಮ ಯಾರದು ಎಂದು ಕೇಳಲು ಬಾಯಿ ತೆರೆದೆ. “ಬಾಯಿ ಮುಚ್ಚು” ಎಂದರು. ಅವತ್ತೇ ನನ್ನನ್ನು ಲ್ಯಾಬಿನಿಂದ ತೆಗೆದರು. ‘ಉಪವಾಸಮ್ಮ’ ಎಂಬ ಅಡ್ಡಹೆಸರು ನಾನು ಹೋದಲ್ಲೆಲ್ಲ ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು.

ಮನೆಗೆ ಬಂದು ಅಕ್ಕನ ಎದುರು ಅತ್ತೆ. ಅವಳು ತಟ್ಟೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ. “ಅವರು ಸುಮ್ನೆ ಬೈಯೋರಲ್ಲ ಪುಟ್ಟಿ” ಎಂದಳು, ಅಷ್ಟೆ. ಮರುದಿನ ನಾನು ಪೆಟ್ಟಿಗೆ ಕಟ್ಟಿ ಹಾಸ್ಟೆಲಿಗೆ ಹೋದೆ. ಆಮೇಲೆ ಬೇರೆ ಕಡೆ ಹೇಗೋ ಓದು ಮುಗಿಸಿ, ಅದೇ ಊರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿಕೊಂಡೆ. ಅಕ್ಕನ ಮನೆಗೆ ಹೋಗುವುದು ವರ್ಷಕ್ಕೊಮ್ಮೆ, ಅದೂ ಭಾವ ಊರಲ್ಲಿಲ್ಲದಾಗ.

ಭಾವ ನಿವೃತ್ತರಾದ ಮೇಲೆ ಒಂದು ಔಷಧಿ ಕಂಪನಿಯವರ ಜೊತೆ ಸೇರಿ ಗ್ಲುಟಥಯೋನಿನ ಪುಡಿಯೊಂದನ್ನು ತಯಾರಿಸಿದರು. ದಿನಾ ಒಂದು ಚಮಚ ತಿಂದರೆ ಲಿವರಿನಲ್ಲಿ ಗ್ಲುಟಥಯೋನ್ ತುಂಬಿ ತುಳುಕುತ್ತದಂತೆ, ಲಿವರ್ ಹೊಸದಾಗುತ್ತದಂತೆ. ಬೇಸಿಗೆ ರಜೆಯಲ್ಲಿ ಅವರ ಸಂಶೋಧನಾ ಲೇಖನ ಅಚ್ಚಾಗಿ ಬಂತು. ಕಾಲೇಜಿನ ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಕೂತು ಓದಿದೆ. ಶತ್ರುವಿನ ಬರಹವನ್ನು ನಾನು ಓದುವಷ್ಟು ಶ್ರದ್ಧೆಯಿಂದ ಭಕ್ತರೂ ಓದಲಾರರು.

ಎರಡನೇ ಪುಟದಲ್ಲೇ ಜುಟ್ಟು ಕೈಗೆ ಸಿಕ್ಕಿತು. ಪುಡಿ ತಿಂದ ಇಲಿಗಳ ಲಿವರಿನಲ್ಲಿ ಗ್ಲುಟಥಯೋನಿನ ಅಳತೆ ಎಂಟು. ತಿನ್ನದ ಇಲಿಗಳಲ್ಲಿ ನಾಲ್ಕು. ಅಯ್ಯಾ ಪುಣ್ಯಾತ್ಮ, ಹೊಟ್ಟೆ ತುಂಬ ತಿಂದ ಯಾವ ಆರೋಗ್ಯವಂತ ಇಲಿಯ ಲಿವರಿನಲ್ಲೂ ಎಂಟರ ಆಸುಪಾಸು ಇದ್ದೇ ಇರುತ್ತದೆ! ಪುಡಿ ಏನನ್ನೂ ಏರಿಸಿರಲಿಲ್ಲ. ಇನ್ನೊಂದು ಗುಂಪನ್ನು ಯಾರೋ ಉಪವಾಸ ಕೆಡವಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಪುಡಿಯನ್ನು ಮೇವಿನಲ್ಲಿ ಬೆರೆಸಿ ಕೊಡಲಾಯಿತು’ ಎಂದಿತ್ತು.

ನನ್ನದೇ ತಪ್ಪು! ನಾನು ಗೊತ್ತಿಲ್ಲದೆ ಮಾಡಿದ್ದನ್ನು, ಅದಕ್ಕಾಗಿ ನನ್ನನ್ನು ಬೀದಿಗೆ ಅಟ್ಟಿದ ಮನುಷ್ಯ ಗೊತ್ತಿದ್ದೂ ಮಾಡಿದ್ದರು. ತಪ್ಪು ಮಾಡಿದವಳನ್ನು ಹೊರಗೆ ಹಾಕಿ, ತಪ್ಪನ್ನು ಮಾತ್ರ ಜೋಪಾನವಾಗಿ ಒಳಗೆ ಇಟ್ಟುಕೊಂಡಿದ್ದರು. ಲೈಬ್ರರಿಯಲ್ಲಿ ನಾನು ಗಟ್ಟಿಯಾಗಿ ನಕ್ಕೆ. ಲೈಬ್ರೇರಿಯನ್ ಕನ್ನಡಕದ ಮೇಲಿನಿಂದ ನೋಡಿದರು. ಅಷ್ಟು ಖುಷಿ ನನಗೆ ಡಿಗ್ರಿ ಕೈಗೆ ಬಂದ ದಿನವೂ ಆಗಿರಲಿಲ್ಲ.

ಅವತ್ತೇ ಲೇಖನ ಅಚ್ಚು ಮಾಡಿದ ಪತ್ರಿಕೆಯವರಿಗೆ ಬರೆಯಬಹುದಿತ್ತು. ಬರೆದರೆ ಏನಾಗುತ್ತಿತ್ತು? ಎಲ್ಲೋ ಒಂದು ಮೂಲೆಯಲ್ಲಿ ತಿದ್ದುಪಡಿ ಬರುತ್ತಿತ್ತು, ಭಾವ ಸಹಾಯಕನೊಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಬೇಡ. ಪುಡಿ ಅಂಗಡಿಗೆ ಬರಲಿ, ಸನ್ಮಾನವಾಗಲಿ, ದೊಡ್ಡ ಸಭೆ ಸೇರಲಿ. ಅವರು ಆದಷ್ಟು ಎತ್ತರಕ್ಕೆ ಏರಲಿ, ಬಿದ್ದಾಗ ಸದ್ದಾಗಬೇಕು. ಆ ಸಭೆಯಲ್ಲಿ ನಾನು ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಕನ್ನಡಿಯ ಮುಂದೆ ಎಷ್ಟು ಸಲ ಕೇಳಿ ನೋಡಿಕೊಂಡೆನೋ. ದನಿ ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು, ಎಲ್ಲ ಬಾಯಿಪಾಠವಾಯಿತು. ಕಾದೆ. ಕಾಯುವುದು ಕಷ್ಟವೇ ಆಗಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಅಕ್ಕನ ಫೋನ್ ಬಂತು. “ಪುಡಿ ಬಿಡುಗಡೆಗೆ ಹೋಟೆಲಲ್ಲಿ ಫಂಕ್ಷನ್ ಇಟ್ಕೊಂಡಿದಾರೆ ಕಣೇ. ನಾನೂ ಸ್ಟೇಜ್ ಮೇಲೆ ಮಾತಾಡಬೇಕಂತೆ. ಕೈಕಾಲು ನಡುಗ್ತಿದೆ. ಒಂದ್ಸಲ ಬಂದು ಹೋಗೇ.”

“ಬರ್ತೀನಿ. ಫಂಕ್ಷನ್‌ಗೆ ನಂಗೊಂದು ಪಾಸ್ ಇಟ್ಟಿರು” ಎಂದೆ. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಬಾಗಿಲು ತೆರೆದವಳು ಅಕ್ಕನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅವಳಿಗೆ ಬಹಳ ವರ್ಷಗಳಿಂದ ಲಿವರಿನ ತೊಂದರೆ. ದೇಹ ತನ್ನ ಲಿವರನ್ನೇ ಪರಕೀಯ ಎಂದುಕೊಂಡು ಅದರ ಮೇಲೆ ಬೀಳುವ ಕಾಯಿಲೆ. ದಿನಾ ಮಾತ್ರೆ ನುಂಗುತ್ತಿದ್ದರೆ ಸುಮ್ಮನಿರುತ್ತದೆ. ಆ ಮಾತ್ರೆಗಳಿಂದ ಅವಳ ಮುಖ ಯಾವಾಗಲೂ ಗುಂಡಗೆ ಊದಿಕೊಂಡಿರುತ್ತಿತ್ತು. ಈಗ ಕೆನ್ನೆ ಒಳಗೆ ಹೋಗಿತ್ತು. ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಮನೆಯೊಳಗೇ ಬಣ್ಣದ ಕನ್ನಡಕ ಹಾಕಿಕೊಂಡಿದ್ದಳು.

“ಏನೇ, ದಾರಿ ತಪ್ಪಿ ಬಂದ್ಯಾ?” ಎಂದಳು ನಗುತ್ತಾ. “ನೋಡು, ಎಷ್ಟು ತೆಳ್ಳಗಾಗಿದೀನಿ!”

“ಕನ್ನಡಕ ತೆಗಿ.”

“ಬೆಳಕಿಗೆ ಕಣ್ಣು ಚುಚ್ಚುತ್ತೆ ಅಂತ ಇವರೇ ತಂದ್ಕೊಟ್ರು.”

ನಾನೇ ತೆಗೆದೆ. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ನೀಲಿ ಡಬ್ಬ, ಅದರ ಪಕ್ಕ ಒಂದು ಚಮಚ. ಮಾತ್ರೆಯ ಪೊಟ್ಟಣಗಳು ಎಲ್ಲೂ ಕಾಣಲಿಲ್ಲ.

“ಮಾತ್ರೆ ಎಲ್ಲಿ?”

“ಬಿಟ್ಟು ಎಷ್ಟೋ ದಿನ ಆಯ್ತು. ಎರಡೂ ತಿಂದ್ರೆ ಗುಣ ಆಗಿದ್ದು ಪುಡಿಯಿಂದಲೋ ಮಾತ್ರೆಯಿಂದಲೋ ಅಂತ ಜನ ಕೇಳ್ತಾರಂತೆ. ಬರೀ ಪುಡಿಯಿಂದ ಗುಣ ಆದೋಳು ಅಂತ ನಾನು ಸ್ಟೇಜ್ ಮೇಲೆ ನಿಲ್ಬೇಕು. ಮೊದ್ಲು ಮೊದ್ಲು ಎಷ್ಟು ಹಾಯಾಗಿತ್ತು ಗೊತ್ತಾ, ಆ ಹಾಳು ಮುಖದ ಊತ ಇಳೀತು.”

ನಾನು ಭಾವನನ್ನು ಕಳ್ಳ ಎಂದುಕೊಂಡಿದ್ದೆ. ಇವರು ಹೆಂಡತಿಯನ್ನೇ ಪ್ರದರ್ಶನದ ಬೊಂಬೆ ಮಾಡಿಕೊಂಡಿದ್ದರು. ಆ ನೀಲಿ ಡಬ್ಬವನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು.

“ಈಗಲೇ ಆಸ್ಪತ್ರೆಗೆ ನಡಿ” ಎಂದೆ. ಇಲಿಗಳ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ನುಂಗಿದ ಗ್ಲುಟಥಯೋನ್ ಬಹುಪಾಲು ಕರುಳಿನಲ್ಲೇ ಚೂರಾಗುತ್ತದೆ, ಜೀವಕೋಶ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳಬೇಕು, ಡಬ್ಬದಿಂದ ತುಂಬಲು ಅದೇನು ನೀರಿನ ತೊಟ್ಟಿಯಲ್ಲ ಎಂದೆ. ಅಕ್ಕ ಕೇಳಿಸಿಕೊಂಡಳು. ಕೇಳಿಸಿಕೊಳ್ಳುತ್ತಲೇ ಅವಳ ಮುಖ ಬಿಗಿಯಾಯಿತು.

“ನಿಂಗೆ ಅವರನ್ನ ಕಂಡ್ರೆ ಆಗಲ್ಲ. ಇಷ್ಟು ವರ್ಷ ಅದನ್ನೇ ತಿಂದ್ಕೊಂಡು ಬದುಕಿದೀಯ. ಈಗ ಅವರಿಗೆ ಒಳ್ಳೇದಾಗೋ ಹೊತ್ತಿಗೆ ಬಂದು ಕಲ್ಲು ಹಾಕ್ತಿದೀಯ.”

“ನಿನ್ನ ಕಣ್ಣು ನೋಡ್ಕೊಂಡಿದೀಯಾ?”

“ವಿಷ ಹೊರಗೆ ಹೋಗೋವಾಗ ಹಾಗಾಗುತ್ತಂತೆ.”

ಅವಳನ್ನು ಅಲ್ಲಾಡಿಸಿಬಿಡೋಣ ಅನ್ನಿಸಿತು. ಆದರೆ ಅಕ್ಕನ ಸ್ವಭಾವ ನನಗೆ ಗೊತ್ತು. ಮಾತನ್ನು ನಂಬುವವಳಲ್ಲ, ಕಣ್ಣಾರೆ ಕಂಡದ್ದನ್ನು ಬಿಡುವವಳೂ ಅಲ್ಲ. “ಫಂಕ್ಷನ್ ಹಿಂದಿನ ದಿನ ಅರ್ಧ ಗಂಟೆ ನನ್ನ ಕಾಲೇಜಿಗೆ ಬಾ. ನಾನು ಹೇಳಿದ್ದು ಸುಳ್ಳಾದ್ರೆ ಭಾವನ ಕಾಲಿಗೆ ಬೀಳ್ತೀನಿ” ಎಂದೆ. ನಾನು ಭಾವನ ಕಾಲಿಗೆ ಬೀಳುವುದನ್ನು ನೋಡುವ ಆಸೆಗೋ ಏನೋ, ಒಪ್ಪಿದಳು.

ಕಾಲೇಜಿನ ಪ್ರಾಣಿ ಕೊಠಡಿಯಲ್ಲಿ ಪಾಠಕ್ಕೆಂದು ಇಲಿಗಳಿದ್ದವು. ಎರಡು ಬೋನು ಆರಿಸಿ, ಎರಡು ದಿನ ಮೊದಲೇ ಒಂದರ ಮೇವು ತೆಗೆದೆ, ಇನ್ನೊಂದರದು ಬಿಟ್ಟೆ. ಪುಡಿ ಗಿಡಿ ಏನೂ ಇಲ್ಲ. ಅಕ್ಕ ಆಟೋದಿಂದ ಇಳಿದು ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ಕೂತಳು. ಅವಳು ಬರುವ ಮುಂಚೆಯೇ ಇಲಿಗಳ ಕೆಲಸ ಮುಗಿಸಿ, ಲಿವರ್ ಅರೆದು, ತಿಳಿರಸ ತೆಗೆದಿಟ್ಟಿದ್ದೆ. ಅವಳೆದುರು ಎರಡು ಗಾಜಿನ ನಳಿಕೆಗಳಿಗೆ ಒಂದೊಂದರಿಂದ ಹಾಕಿ, ಪರೀಕ್ಷೆಯ ದ್ರಾವಣ ಬೆರೆಸಿದೆ. ಗ್ಲುಟಥಯೋನ್ ಎಷ್ಟಿದೆಯೋ ಅಷ್ಟು ಹಳದಿ ಬರುವ ಪರೀಕ್ಷೆ ಅದು. ಒಂದು ನಳಿಕೆ ಗಾಢ ಹಳದಿಯಾಯಿತು, ಇನ್ನೊಂದು ತೆಳು.

ಅಕ್ಕ ಕನ್ನಡಕ ತೆಗೆದು ಬಗ್ಗಿ ನೋಡಿದಳು. “ಇದು ನನ್ನ ಕಣ್ಣಿನ ಹಾಗಿದೆ” ಎಂದಳು ಗಾಢವಾದದ್ದನ್ನು ತೋರಿಸಿ. ನನಗೆ ನಗು ಬರಲಿಲ್ಲ.

“ಇದಕ್ಕೆ ಪುಡಿ ಕೊಟ್ಟಿದ್ಯಾ?”

“ಎರಡಕ್ಕೂ ಇಲ್ಲ. ಇದಕ್ಕೆ ಊಟ ಹಾಕಿದ್ದೆ, ಅದಕ್ಕೆ ಹಾಕಿರಲಿಲ್ಲ.”

ಭಾವನ ಲೇಖನದ ಚಿತ್ರವನ್ನು ಪಕ್ಕದಲ್ಲಿಟ್ಟೆ. ನಾಲ್ಕು, ಎಂಟು. ನಳಿಕೆಗಳನ್ನು ಬಣ್ಣ ಅಳೆಯುವ ಮೀಟರಿಗೆ ಹಾಕಿ ತೋರಿಸಿದೆ. ನಮ್ಮ ಅಂಕಿಗಳೂ ಅವಕ್ಕೆ ಅಂಟಿಕೊಂಡೇ ಬಂದವು. ಅಕ್ಕ ಎರಡೂ ಅಂಕಿಗಳ ಮೇಲೆ ಬೆರಳಿಟ್ಟು ನೋಡಿದಳು. ಜೀವನವಿಡೀ ಇನ್ನೊಬ್ಬರ ತಟ್ಟೆ ನೋಡಿಕೊಂಡು ಬಂದವಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

“ಅಂದ್ರೆ ಆ ಇಲಿಗಳಿಗೆ ಹಸಿವಾಗಿತ್ತು, ಅಷ್ಟೇ” ಎಂದಳು. ಆಮೇಲೆ, “ನಿನ್ನನ್ನ ಲ್ಯಾಬಿಂದ ತೆಗೆದಿದ್ದೂ ಇದಕ್ಕೇ ಅಲ್ವಾ?”

“ಇದಕ್ಕೇ.”

“ಇವರಿಗೆ ಗೊತ್ತಿಲ್ಲದೇ ಆಗಿರಬಹುದಾ?”

“ನನಗೆ ಬೈದಿದ್ದನ್ನ ಮರೆತಿರ್ತಾರಾ ಅಕ್ಕ?”

ಅವಳು ಸ್ಟೂಲಿನ ಮೇಲೆ ಕೂತೇ ಇದ್ದಳು. ಅತ್ತರೆ ಸಮಾಧಾನ ಮಾಡೋಣ ಎಂದು ಕಾದೆ, ಅಳಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದೆ. “ನಾಳೆ ಫಂಕ್ಷನ್ ಮುಗಿಸ್ಕೊಂಡು ಅಲ್ಲಿಂದ್ಲೇ ಹೋಗೋಣ. ನೀನು ಬಂದು ಸುಮ್ನೆ ಕೂತಿರು” ಎಂದಳು. ನಾನು ಹೆಚ್ಚು ಬಲವಂತ ಮಾಡಲಿಲ್ಲ. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ.

ಹೋಟೆಲಿನ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ನೀಲಿ ಡಬ್ಬದ ಚಿತ್ರ. ಭಾವ ಹೊಸ ಸೂಟು ಹಾಕಿ, ಕೂದಲಿಗೆ ಕಪ್ಪು ಬಳಿದು ಮಿಂಚುತ್ತಿದ್ದರು. ಪಕ್ಕದಲ್ಲಿ ಮುಖ್ಯ ಅತಿಥಿ, ಲಿವರ್ ವಿಜ್ಞಾನದಲ್ಲೇ ಮುದುಕರಾದ ದೊಡ್ಡ ಹೆಸರಿನವರು. ಎರಡೂ ಅಂಕಿಗಳ ಚಿತ್ರ ಪರದೆಯ ಮೇಲೆ ಬಂದಾಗ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ.

ಅಕ್ಕನ ಸರದಿ ಬಂತು. ಮುಖಕ್ಕೆ ದಪ್ಪ ಬಣ್ಣ, ಕಣ್ಣಿಗೆ ಆ ಕನ್ನಡಕ. ಭಾವ ಅವಳ ಕೈ ಹಿಡಿದು ಮೈಕಿನ ಹತ್ತಿರ ತಂದು, ಬರೆದ ಚೀಟಿ ಕೊಟ್ಟರು. ಅವಳು ಚೀಟಿಯನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡಳು.

“ನಂಗೆ ವಿಜ್ಞಾನ ಗೊತ್ತಿಲ್ಲ” ಎಂದಳು. “ಇವರನ್ನ ಒಂದು ಮಾತು ಕೇಳ್ಬೇಕು. ರೀ, ಆ ಇಲಿಗಳಿಗೆ ಊಟ ಹಾಕಿದ್ರಾ?”

ಸಭೆ ಗೊಳ್ಳೆಂದು ನಕ್ಕಿತು. ಭಾವನೂ ನಕ್ಕರು, ಆದರೆ ಅವರ ಕಣ್ಣು ಸಾಲು ಸಾಲಾಗಿ ಹುಡುಕಿ ನನ್ನ ಮೇಲೆ ಬಂದು ನಿಂತಿತು. ನಾನು ತಲೆಯಾಡಿಸಿದೆ, ನಮಸ್ಕಾರ ಎಂಬಂತೆ.

“ನಮ್ಮನೆಯವರದು ತಾಯಿ ಹೃದಯ” ಎಂದರು ಭಾವ ಮೈಕ್ ತೆಗೆದುಕೊಂಡು. “ಹಾಕಿದ್ದೆ ಕಣೇ. ಎಲ್ಲಾ ಇಲಿಗೂ ಹೊಟ್ಟೆ ತುಂಬಾ ಹಾಕಿದ್ದೆ.”

ಇನ್ನೊಂದು ಅಲೆ ನಗು. ಮುಖ್ಯ ಅತಿಥಿ ಮಾತ್ರ ನಗಲಿಲ್ಲ. ಪರದೆಯ ಕಡೆ ತಿರುಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. “ಪ್ರೊಫೆಸರ್, ಹೊಟ್ಟೆ ತುಂಬ ತಿಂದ ಇಲಿಗೆ ನಾಲ್ಕು ಹೇಗೆ ಬಂತು?” ಎಂದರು. ಮೆಲ್ಲಗೆ ಕೇಳಿದ್ದು, ಮೈಕ್ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು. ಭಾವ “ಸಹಾಯಕರು...” ಎಂದೇನೋ ತೊದಲಿದರು.

ಅಕ್ಕ ಕನ್ನಡಕ ತೆಗೆದಳು. ಚೀಟಿಯಿಂದಲೇ ಕಣ್ಣ ಸುತ್ತಲಿನ ಬಣ್ಣ ಒರೆಸಿಕೊಂಡಳು. “ಈ ಪುಡಿ ತಿಂದೋಳ ಕಣ್ಣು ಇದು. ಮಾತ್ರೆ ಬಿಡಿಸಿ ತಿನ್ಸಿದ್ರು. ಸರಿಯಾಗಿ ನೋಡ್ಕೊಂಡು ಆಮೇಲೆ ಕೊಂಡ್ಕೊಳ್ಳಿ.” ಅಷ್ಟು ಹೇಳಿ, ಮೆಟ್ಟಿಲು ಇಳಿದು ನನ್ನ ಕಡೆ ಬಂದಳು. ಕ್ಯಾಮೆರಾಗಳೆಲ್ಲ ಅವಳ ಹಿಂದೆಯೇ ಬಂದವು. ಕಂಪನಿಯವರು ಭಾವನನ್ನು ಸುತ್ತುವರಿದರು. ಅದು ಅಭಿನಂದನೆಗಲ್ಲ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು.

ನನ್ನ ಹೊಟ್ಟೆ ತಣ್ಣಗಾಯಿತು. ಬಾಯಿಪಾಠ ಮಾಡಿದ ಪ್ರಶ್ನೆ ಬಾಯಲ್ಲೇ ಉಳಿಯಿತು ಎಂಬ ಸಣ್ಣ ಅಸಮಾಧಾನ ಬಿಟ್ಟರೆ ಬೇರೇನೂ ಇರಲಿಲ್ಲ. ಆ ತೊದಲು, ಬೆವರು, ಹಣೆಗೆ ಇಳಿಯುತ್ತಿದ್ದ ಕೂದಲಿನ ಕಪ್ಪು, ಎಲ್ಲವನ್ನೂ ಟ್ಯಾಕ್ಸಿಯಲ್ಲಿ ಮತ್ತೆ ಮತ್ತೆ ನೆನೆದು ಚಪ್ಪರಿಸಿದೆ. ಅಕ್ಕ ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ಅವಳನ್ನು ಆವತ್ತೇ ಸೇರಿಸಿಕೊಂಡರು. ಲಿವರ್ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ. ಹಳೆಯ ಮಾತ್ರೆಗಳನ್ನು ಮತ್ತೆ ಶುರುಮಾಡಿದರು, ಹೊಟ್ಟೆಯ ನೀರು ತೆಗೆಸಿದರು. ಲಿವರಿನ ಬಹುಭಾಗ ಗಾಯದ ಕಲೆಯ ಹಾಗೆ ಗಟ್ಟಿಯಾಗಿದೆ, ಉಳಿದ ಭಾಗ ಚೇತರಿಸಿಕೊಂಡರೆ ಸರಿ, ಇಲ್ಲದಿದ್ದರೆ ಬೇರೆಯವರ ಲಿವರಿನ ತುಂಡು ಹಾಕಬೇಕಾದೀತು ಎಂದರು. “ಮಳೆಗಾಲದಲ್ಲೇ ಬಂದಿದ್ರೆ ಇಷ್ಟು ಆಗ್ತಿರಲಿಲ್ಲ” ಎಂದರು ಬಾಗಿಲ ಹತ್ತಿರ ನಿಂತು. ನಾನು ಭಾವನಿಗೆ ಮನಸ್ಸಿನಲ್ಲೇ ಇನ್ನೊಂದಿಷ್ಟು ಶಾಪ ಹಾಕಿದೆ.

ಭಾವ ಮರುದಿನ ಬಂದರು. ಒಳಗೆ ಬಿಡಬೇಡಿ ಎಂದು ಅಕ್ಕ ನರ್ಸಿಗೆ ಹೇಳಿದ್ದಳು. ಅವರು ದಿನಾ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂರತೊಡಗಿದರು. ನಾನು ಹಣ್ಣು ತರಲು, ಔಷಧಿ ತರಲು, ಸುಮ್ಮಸುಮ್ಮನೆ ಕೂಡ ಅವರ ಮುಂದೆಯೇ ಓಡಾಡಿದೆ. ಬಾಗಿಲು ತಳ್ಳಿ ಒಳಗೆ ಹೋಗುವಾಗ ಬೇಕೆಂದೇ ಒಂದು ಗಳಿಗೆ ನಿಲ್ಲುತ್ತಿದ್ದೆ. ಕೆಲವು ದಿನಗಳಲ್ಲೇ ಕಂಪನಿ ಪುಡಿಯನ್ನು ವಾಪಸ್ ಪಡೆಯಿತಂತೆ, ಪತ್ರಿಕೆ ಲೇಖನವನ್ನು ತೆಗೆದುಹಾಕಿತಂತೆ. ಫೋನಿನಲ್ಲಿ ಬಂದ ಸುದ್ದಿಯನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ.

ಅವಳಿಗೆ ಒಂದಿಷ್ಟು ಗೆಲುವು ಬಂದಿತ್ತು. ದಿಂಬಿಗೆ ಒರಗಿ ಕೂತು ನೀರು ಗುಟುಕರಿಸುತ್ತಾ, “ಅಷ್ಟು ಜನ ದೊಡ್ಡೋರು ಓದಿದ್ರೂ ಯಾರಿಗೂ ಕಾಣ್ಸಿಲ್ಲ. ನಿಂಗೆ ಹೇಗೆ ಕಾಣಿಸ್ತೇ?” ಎಂದು ಕೇಳಿದಳು.

ನನಗೆ ಉಬ್ಬಿಹೋಯಿತು. “ಕಾಣಿಸೋದೇನು ಬಂತು, ಎರಡನೇ ಪುಟ ತಿರುಗಿಸಿದ್ದೇ ಹಿಡಿದೆ. ಲೈಬ್ರರೀಲಿ ಒಬ್ಬಳೇ ಹುಚ್ಚಿ ಹಾಗೆ ನಕ್ಕಿದೀನಿ, ಬೇಸಿಗೆ ರಜೇಲಿ...”

“ಬೇಸಿಗೆ ರಜೇಲಾ?”

“ಹೂಂ.”

ಅಕ್ಕ ಲೋಟವನ್ನು ಕೆಳಗಿಟ್ಟಳು. “ನಾನು ಮಾತ್ರೆ ಬಿಟ್ಟಿದ್ದು ಮಳೆ ಹಿಡಿದ ಮೇಲೆ.”

ಆಗ ನನಗೆ ತಿಳಿಯಿತು. ನಾಲಿಗೆ ಕಚ್ಚಿಕೊಂಡರೂ ಮಾತು ಹೊರಗೆ ಬಂದಾಗಿತ್ತು.

“ನೀನು ಪುಡಿ ತಿನ್ತಿದೀಯ ಅಂತ ನಂಗೆ ಗೊತ್ತಿರಲಿಲ್ಲ ಅಕ್ಕ.”

“ಪುಡಿ ಸುಳ್ಳು ಅಂತ ಗೊತ್ತಿತ್ತು. ನನ್ನ ಕಾಯಿಲೆ ಗೊತ್ತಿತ್ತು. ಪುಡಿ ಮಾಡಿದೋರು ನನ್ನ ಗಂಡ ಅಂತಾನೂ ಗೊತ್ತಿತ್ತು. ಒಂದು ಫೋನ್ ಮಾಡೋಕೆ ಏನಾಗಿತ್ತೇ?”

“ಹೇಳಿದ್ರೆ ನೀನು ಅವರಿಗೆ ಹೇಳ್ತಿದ್ದೆ. ಅವರು ತಪ್ಪಿಸ್ಕೊಳ್ತಿದ್ರು.” ನನ್ನ ದನಿ ಏರಿತು. “ಅವತ್ತು ನಾನು ಅಳ್ತಾ ಬಂದಾಗ ನಲ್ಲಿ ಕೂಡ ನಿಲ್ಲಿಸಲಿಲ್ಲ ನೀನು! ನಿಂಗೆ ನಾನ್ಯಾಕೆ ಫೋನ್ ಮಾಡ್ಬೇಕಿತ್ತು?”

ಅವಳು ನನ್ನನ್ನೇ ನೋಡಿದಳು. ಕಣ್ಣಿನ ಹಳದಿ ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಸರಿ” ಎಂದಳು. “ಅದಕ್ಕೆ ತಿರುಗಿಸಿ ಕೊಟ್ಟೆಯಲ್ಲ, ಆಯ್ತು. ಅವರಿಗೆ ಹೆಸರು ಬೇಕಿತ್ತು, ನಿಂಗೆ ಸೇಡು ಬೇಕಿತ್ತು. ಇಬ್ರಿಗೂ ನಾನೇ ಇಲಿ ಆದೆ.”

“ಅಕ್ಕ...”

ಅವಳು ಗಂಟೆ ಒತ್ತಿದಳು. ನರ್ಸ್ ಬಂದಳು. “ಸಿಸ್ಟರ್, ಹೊರಗಿರೋರ ಹಾಗೇನೇ ಇವಳನ್ನೂ ನಾನು ಹೇಳೋವರೆಗೆ ಒಳಗೆ ಬಿಡಬೇಡಿ” ಎಂದಳು. ದನಿ ಏರಿಸಲಿಲ್ಲ, ಅಳಲಿಲ್ಲ. ಗೋಡೆಯ ಕಡೆ ಹೊರಳಿ ಹೊದಿಕೆ ಎಳೆದುಕೊಂಡಳು.

ನಾನು ಜಗಳಕ್ಕೆ ನಿಂತೆ. ನಾನಿಲ್ಲದಿದ್ದರೆ ನೀನು ಇಷ್ಟು ಹೊತ್ತಿಗೆ ಸತ್ತಿರುತ್ತಿದ್ದೆ ಎಂದೆ. ಅದು ನಿಜವೂ ಆಗಿತ್ತು. ಹೊದಿಕೆ ಅಲ್ಲಾಡಲಿಲ್ಲ. ನರ್ಸ್ ನನ್ನ ಮೊಳಕೈ ಹಿಡಿದು ಹೊರಗೆ ಕರೆತಂದು ಬಾಗಿಲು ಹಾಕಿದಳು.

ಕಾರಿಡಾರಿನಲ್ಲಿ ಇದ್ದದ್ದು ಅದೊಂದೇ ಬೆಂಚು. ಭಾವ ತಲೆಯೆತ್ತಿ ನನ್ನನ್ನೂ ಮುಚ್ಚಿದ ಬಾಗಿಲನ್ನೂ ನೋಡಿದರು. ಅಣಕಿಸುತ್ತಾರೆ ಎಂದು ಹಲ್ಲು ಕಚ್ಚಿ ಕಾದೆ; ಅಣಕಿಸಿದ್ದರೆ ಅವರ ಕತ್ತು ಹಿಸುಕುತ್ತಿದ್ದೆ. ಅವರು ಪಕ್ಕದಲ್ಲಿಟ್ಟುಕೊಂಡಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಸ್ವಲ್ಪ ಸರಿದು ಕೂತರು. ಡಾಕ್ಟರು ಬರಲು ಇನ್ನೂ ಹೊತ್ತಿತ್ತು. ನಾನು ಅವರ ಪಕ್ಕದಲ್ಲಿ ಕೂತೆ.